ಲೆಕ್ಕ ಮಾಯವಾಯಿತೇ? ತಂತ್ರಾಂಶ ಅಳಿಸುವ ಮೊದಲು ಇಷ್ಟನ್ನು ನೋಡಿ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕ, ಪೆರ್ಲದವರೆಗಿನ ಅಂಗಡಿಗಳಿಂದ, ಗ್ರಂಥಾಲಯಗಳಿಂದ, ಶಾಲೆಗಳಿಂದ ‘ಕಂಪ್ಯೂಟರ್ ಹಾಳಾಗಿದೆ, ಒಮ್ಮೆ ಬನ್ನಿ’ ಎಂಬ ಕರೆ ಬಂದಾಗ ಬಹಳಷ್ಟು ಸಲ ಕಂಪ್ಯೂಟರ್ ಹಾಳಾಗಿರುವುದಿಲ್ಲ. ಬಿಲ್ಲಿನ ತಂತ್ರಾಂಶವೋ ಪುಸ್ತಕ ಎರವಲು ಕೊಡುವ ತಂತ್ರಾಂಶವೋ ತಾನು ದಿನವೂ ತಿದ್ದಿ ಬರೆಯುವ ಕಡತವನ್ನು ಇಡಬಾರದ ಜಾಗದಲ್ಲಿ ಇಟ್ಟಿರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಅಡಿಕೆ ಖರೀದಿಸುವ ಅಂಗಡಿಯೊಂದಕ್ಕೆ ನಾನು ತಲುಪಿದ್ದು ಒಂದು ದಿನ ತಡವಾಗಿ. ಹಿಂದಿನ ದಿನ ಬಂದವರೊಬ್ಬರು, ತೆಗೆದು ಪುನಃ ಹಾಕಿದರೆ ಸರಿಯಾಗುತ್ತದೆ ಎಂದು ತಂತ್ರಾಂಶವನ್ನು ಫೋಲ್ಡರ್ ಸಮೇತ ಅಳಿಸಿ ಹೊಸದಾಗಿ ಸ್ಥಾಪಿಸಿದ್ದರು. ಲೆಕ್ಕದ ಕಡತ ಅದೇ ಫೋಲ್ಡರಿನೊಳಗಿತ್ತು. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಂದು ಒಬ್ಬೊಬ್ಬ ಬೆಳೆಗಾರನ ಹೆಸರಿನಲ್ಲಿ ಬರೆದಿಟ್ಟಿದ್ದ ಎರಡು ವರ್ಷಗಳ ಲೆಕ್ಕವನ್ನು ಆ ಮನೆಯವರು ರಶೀದಿಯ ಪ್ರತಿಗಳನ್ನು ಹರಡಿಕೊಂಡು ಮತ್ತೆ ಟೈಪ್ ಮಾಡಿದರು. ನಾನು ಪಕ್ಕದಲ್ಲಿ ಕುಳಿತು ಓದಿ ಹೇಳಿದೆ. ಆ ದಿನಗಳನ್ನು ಮರೆಯಲಾಗದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈ ತಡೆಯಿರಿ

ಲೆಕ್ಕ ಕಾಣಿಸುತ್ತಿಲ್ಲವೆಂದರೆ ತಂತ್ರಾಂಶವನ್ನು ಅಳಿಸಬೇಡಿ. ಇದ್ದದ್ದರ ಮೇಲೆಯೇ ಮತ್ತೆ ಸ್ಥಾಪಿಸಬೇಡಿ. ಡಿಸ್ಕ್ ಸ್ವಚ್ಛಗೊಳಿಸುವ ಸಾಧನಗಳನ್ನು ಓಡಿಸಬೇಡಿ. ಖಾಲಿಯಾಗಿ ತೆರೆದುಕೊಂಡ ಲೆಕ್ಕದಲ್ಲಿ ಆ ದಿನದ ವ್ಯವಹಾರವನ್ನು ಬರೆಯಲು ತೊಡಗಬೇಡಿ, ಯಾಕೆಂದರೆ ಆಮೇಲೆ ಎರಡು ಲೆಕ್ಕಗಳನ್ನು ಒಂದಾಗಿಸುವುದು ಕಳೆದದ್ದನ್ನು ಹುಡುಕುವುದಕ್ಕಿಂತ ಕಷ್ಟದ ಕೆಲಸ. ಅಷ್ಟು ಹೊತ್ತು ಕಾಗದದಲ್ಲಿ ಬರೆಯಿರಿ. ತುಲಾ ಮಾಸದ ಸಿಡಿಲಿನ ದಿನವಾದರೆ ಕಂಪ್ಯೂಟರನ್ನು ಕ್ರಮವಾಗಿ ಆರಿಸಿ, ಪ್ಲಗ್ ಕಿತ್ತಿಟ್ಟು, ಆಕಾಶ ತಿಳಿಯಾದ ಮೇಲೆ ಕೆಲಸಕ್ಕೆ ಕುಳಿತುಕೊಳ್ಳಿ.

ಯಾವ ಕಡತಕ್ಕೆ ಯಾವ ಜಾಗ

ತಂತ್ರಾಂಶದ ಜೊತೆಗೆ ಬರುವ ಕಡತಗಳು ಒಂದು ಬಗೆ. ಅವು ತಾವಾಗಿ ಬದಲಾಗುವುದಿಲ್ಲ. ಹೊಸ ಆವೃತ್ತಿ ಬಂದಾಗ ಹಳೆಯವನ್ನು ತೆಗೆದು ಹೊಸವನ್ನು ಇಡಲಾಗುತ್ತದೆ. ನೀವು ಬಳಸುತ್ತಾ ಹೋದಂತೆ ಹುಟ್ಟುವ ಕಡತಗಳು ಇನ್ನೊಂದು ಬಗೆ: ಲೆಕ್ಕ, ಸದಸ್ಯರ ಪಟ್ಟಿ, ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ. ಹಿಂದೆ ನಮ್ಮಲ್ಲಿ ಮುಳಿಹುಲ್ಲಿನ ಮಾಡನ್ನು ವರ್ಷ ವರ್ಷ ಹೊಸದಾಗಿ ಹೊದಿಸುತ್ತಿದ್ದರು. ಅಂಥ ಮಾಡಿನ ಸಂದಿಯಲ್ಲಿ ಜಾಗದ ದಸ್ತಾವೇಜನ್ನು ಸಿಕ್ಕಿಸಿಟ್ಟರೆ ಹುಲ್ಲು ಇಳಿಸುವ ದಿನ ಅದೂ ಇಳಿದುಹೋಗುತ್ತದೆ. ದಸ್ತಾವೇಜಿಗೆ ಪೆಟ್ಟಿಗೆ ಬೇಕು, ಭತ್ತಕ್ಕೆ ಪತ್ತಾಯ ಬೇಕು.

ವಿಂಡೋಸ್‌ನಲ್ಲಿ ಹುಲ್ಲಿನ ಮಾಡು ಎಂದರೆ ‘ಪ್ರೋಗ್ರಾಂ ಫೈಲ್ಸ್’. ಎಲ್ಲ ಬಳಕೆದಾರರಿಗೂ ಸೇರಿದ ಬದಲಾಗುವ ಕಡತಗಳಿಗೆ ‘ಪ್ರೋಗ್ರಾಂಡೇಟಾ’ ಇದೆ, ಒಬ್ಬೊಬ್ಬರ ಸ್ವಂತದ್ದಕ್ಕೆ ಅವರವರ ಹೆಸರಿನ ಫೋಲ್ಡರಿನೊಳಗೆ ‘ಆ್ಯಪ್‌ಡೇಟಾ’ ಇದೆ. ಎರಡೂ ಮರೆಯಾಗಿರುವ ಫೋಲ್ಡರುಗಳು; ‘ಮರೆಯಾದವನ್ನು ತೋರಿಸು’ ಎಂದು ಆರಿಸದೆ ಕಾಣುವುದಿಲ್ಲ.

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಒದಗಿಸುವ ಉಬುಂಟು (ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನ ಒಂದು ರೂಪ) ಆಧಾರಿತ ವ್ಯವಸ್ಥೆ ಇರುವುದರಿಂದ ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಬಲ್ಲವರೇ. ಲಿನಕ್ಸ್‌ಗೆ ಇದಕ್ಕೆಂದೇ ಬರೆದಿಟ್ಟ ನಿಯಮವಿದೆ. 1994ರಲ್ಲಿ ಮೊದಲ ರೂಪ ಪಡೆದ ಈ ಕಡತ ವ್ಯವಸ್ಥೆಯ ಮಾನಕದ 3.0ನೇ ಆವೃತ್ತಿ 2015ರಲ್ಲಿ ಬಂತು. ಅದರಂತೆ ‘/ಯುಎಸ್‌ಆರ್’ ಓದುವುದಕ್ಕೆ ಮಾತ್ರ, ಬರೆಯುವುದಕ್ಕಲ್ಲ. ಈ ಯಂತ್ರಕ್ಕೆ ಸಂಬಂಧಿಸಿದ ಹೊಂದಾಣಿಕೆಗಳಿಗೆ ‘/ಇಟಿಸಿ’. ಬದಲಾಗುವುದೆಲ್ಲ ‘/ವಾರ್’ನಲ್ಲಿ, ‘ವೇರಿಯಬಲ್’ ಎಂಬುದರ ಮೊಟಕು ಅದು. ಅದರೊಳಗೆ ‘/ವಾರ್/ಲಿಬ್’ ತಂತ್ರಾಂಶ ನೆನಪಿಡಬೇಕಾದ ದತ್ತಾಂಶಕ್ಕೆ, ‘/ವಾರ್/ಲಾಗ್’ ದಿನಚರಿಗೆ, ‘/ವಾರ್/ಕ್ಯಾಶ್’ ಅಳಿಸಿದರೂ ತಂತ್ರಾಂಶವೇ ಮತ್ತೆ ಮಾಡಿಕೊಳ್ಳಬಲ್ಲ ಕಡತಗಳಿಗೆ. ‘/ಆಪ್ಟ್’ನಲ್ಲಿ ಸ್ಥಾಪಿಸಿದ್ದರೆ ಬದಲಾಗುವ ಭಾಗ ‘/ವಾರ್/ಆಪ್ಟ್’ಗೆ ಹೋಗಬೇಕು. (ಓದುವ ಅನುಕೂಲಕ್ಕಾಗಿ ಈ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕು.)

ಲಕ್ಷಣ: ನಿನ್ನೆಯ ಲೆಕ್ಕ ಇಂದು ಇಲ್ಲ

ಇದು ಅತಿ ಹೆಚ್ಚು ಸಲ ಬರುವ ದೂರು. ಹತ್ತಿರ ಹತ್ತಿರ ಅರ್ಧದಷ್ಟು ಸಲ ಲೆಕ್ಕ ಎಲ್ಲಿಗೂ ಹೋಗಿರುವುದಿಲ್ಲ ಎಂಬುದು ನನ್ನ ಅನುಭವ. ಖರ್ಚಿಲ್ಲದ ಪ್ರಶ್ನೆಗಳಿಂದ ಆರಂಭಿಸಿ. ಇಂದು ಯಾರ ಹೆಸರಿನಲ್ಲಿ ಲಾಗಿನ್ ಆಗಿದ್ದೀರಿ, ನಿನ್ನೆ ಯಾರ ಹೆಸರಿನಲ್ಲಿ? ಅಪ್ಪನ ಖಾತೆಯಲ್ಲಿ ಬರೆದ ಲೆಕ್ಕ ಮಗನ ಖಾತೆಯಲ್ಲಿ ಕಾಣದಿದ್ದರೆ ತಂತ್ರಾಂಶ ಅಂಗಡಿಯ ಲೆಕ್ಕವನ್ನು ‘ಆ್ಯಪ್‌ಡೇಟಾ’ದಲ್ಲಿ, ಅಂದರೆ ಒಬ್ಬರ ಸ್ವಂತ ಪೆಟ್ಟಿಗೆಯಲ್ಲಿ ಇಟ್ಟಿದೆ ಎಂದರ್ಥ. ಹಳೆಯ ಖಾತೆಗೆ ಮರಳಿದರೆ ಲೆಕ್ಕ ಸಿಗುತ್ತದೆ.

ಮುಂದಿನ ಪ್ರಶ್ನೆ: ಇಂದು ತಂತ್ರಾಂಶವನ್ನು ಸಾಮಾನ್ಯವಾಗಿ ತೆರೆದಿರೋ, ಬಲಗುಂಡಿ ಒತ್ತಿ ‘ಅಡ್ಮಿನಿಸ್ಟ್ರೇಟರ್ ಆಗಿ’ ತೆರೆದಿರೋ? ಒಂದು ಬಗೆಯಲ್ಲಿ ತೆರೆದಾಗ ಹಳೆಯ ಲೆಕ್ಕ, ಇನ್ನೊಂದು ಬಗೆಯಲ್ಲಿ ತೆರೆದಾಗ ಹೊಸ ಲೆಕ್ಕ ಕಂಡರೆ ಕಾರಣ ಸಿಕ್ಕಿದಂತೆಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತುಂಬಾ ತಿಳಿದವರೂ ಇಲ್ಲಿ ದಾರಿ ತಪ್ಪುತ್ತಾರೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಹೆಚ್ಚಿನವರು ಪೂರ್ಣ ಅಧಿಕಾರದ ಖಾತೆಯಲ್ಲೇ ಕೆಲಸ ಮಾಡುತ್ತಿದ್ದುದರಿಂದ ತಂತ್ರಾಂಶಗಳು ತಮ್ಮ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲೇ ಲೆಕ್ಕ ಬರೆದುಕೊಂಡರೂ ಯಾರೂ ತಡೆಯುತ್ತಿರಲಿಲ್ಲ. 2007ರಲ್ಲಿ ಜನರ ಕೈಗೆ ಬಂದ ವಿಸ್ತಾದಿಂದ ಆ ಬಾಗಿಲು ಮುಚ್ಚಿತು. ಹಳೆಯ 32 ಬಿಟ್ ತಂತ್ರಾಂಶಗಳು ಒಮ್ಮೆಲೇ ಕೆಡಬಾರದೆಂದು ವಿಂಡೋಸ್ ಒಂದು ಏರ್ಪಾಡು ಮಾಡಿತು: ತಂತ್ರಾಂಶ ‘ಪ್ರೋಗ್ರಾಂ ಫೈಲ್ಸ್’ನಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳುತ್ತದೆ, ಆದರೆ ಕಡತ ಹೋಗಿ ಕೂರುವುದು ಆ ಬಳಕೆದಾರರ ‘ಆ್ಯಪ್‌ಡೇಟಾ’ದ ‘ಲೋಕಲ್’ ಒಳಗಿನ ‘ವರ್ಚುವಲ್‌ಸ್ಟೋರ್’ ಎಂಬ ಫೋಲ್ಡರಿನಲ್ಲಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಈ ತಿರುವು ಇಲ್ಲ, ನೇರವಾಗಿ ಮೂಲ ಜಾಗದ ಕಡತವೇ ತೆರೆಯುತ್ತದೆ. ಹೀಗೆ ಒಂದೇ ಹೆಸರಿನ ಎರಡು ಲೆಕ್ಕಗಳು ವರ್ಷಗಟ್ಟಲೆ ಪಕ್ಕಪಕ್ಕದಲ್ಲಿ ಬೆಳೆಯಬಹುದು. ಅದೇ ತಂತ್ರಾಂಶದ 64 ಬಿಟ್ ಆವೃತ್ತಿ ಹಾಕಿದ ದಿನವೂ ಇದೇ ಗೊಂದಲ ಏಳುತ್ತದೆ, ಏಕೆಂದರೆ 64 ಬಿಟ್‌ಗೆ ಈ ತಿರುವು ಅನ್ವಯಿಸುವುದಿಲ್ಲ.

ಪರೀಕ್ಷಿಸುವುದು ಸುಲಭ. ‘ವರ್ಚುವಲ್‌ಸ್ಟೋರ್’ ಫೋಲ್ಡರ್ ತೆರೆದು ಅಲ್ಲಿ ತಂತ್ರಾಂಶದ ಹೆಸರು ಇದೆಯೇ ನೋಡಿ. ಇದ್ದರೆ ಒಳಗಿನ ಕಡತದ ಕೊನೆಯ ಬದಲಾವಣೆಯ ದಿನಾಂಕವನ್ನೂ ಮೂಲ ಜಾಗದ ಕಡತದ ದಿನಾಂಕವನ್ನೂ ಹೋಲಿಸಿ. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ ಪುಟದಲ್ಲಿ ‘ಯುಎಸಿ ವರ್ಚುವಲೈಸೇಷನ್’ ಅಂಕಣವನ್ನು ಸೇರಿಸಿಕೊಂಡರೆ ಯಾವ ತಂತ್ರಾಂಶಕ್ಕೆ ಈ ತಿರುವು ಜಾರಿಯಲ್ಲಿದೆ ಎಂಬುದೂ ಕಾಣುತ್ತದೆ. ಎರಡು ಲೆಕ್ಕಗಳೂ ಸಿಕ್ಕಿದವೆಂದಾದರೆ ತಂತ್ರಾಂಶವನ್ನು ಮುಚ್ಚಿ, ಎರಡರ ಪ್ರತಿಯನ್ನೂ ಪೆನ್‌ಡ್ರೈವ್‌ಗೆ ತೆಗೆದಿಡಿ. ಒಂದರ ಮೇಲೊಂದನ್ನು ಹಾಕಬೇಡಿ. ಎರಡರಲ್ಲೂ ಬೇರೆ ಬೇರೆ ದಿನಗಳ ನಮೂದುಗಳಿದ್ದರೆ ಜೋಡಿಸುವ ಕೆಲಸವನ್ನು ತಂತ್ರಾಂಶ ಮಾಡಿದವರಿಗೇ ಒಪ್ಪಿಸಿ.

ಇಷ್ಟರಲ್ಲಿ ಸಿಗದಿದ್ದರೆ ಇಡೀ ಡಿಸ್ಕಿನಲ್ಲಿ ದಿನಾಂಕದ ಮೇಲೆ ಹುಡುಕಿ. ಲೆಕ್ಕ ಸರಿಯಿದ್ದ ಕೊನೆಯ ದಿನ ಮಂಗಳವಾರವಾದರೆ, ಮಂಗಳವಾರ ಬದಲಾದ ಕಡತಗಳು ಯಾವುವು? ಲಿನಕ್ಸ್‌ನಲ್ಲಿ ‘ಫೈಂಡ್’ ಆದೇಶ ಇದನ್ನು ಮಾಡುತ್ತದೆ. ಹೆಸರು ಗೊತ್ತಿಲ್ಲದ ಕಡತವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಲಕ್ಷಣ: ಕರೆಂಟು ಹೋದಾಗಲೆಲ್ಲ ಬರೆದದ್ದು ಹೋಗುತ್ತದೆ

ಆಟಿಯ ಮಳೆಯಲ್ಲಿ ಇದು ಹೆಚ್ಚು. ಕಂಪ್ಯೂಟರನ್ನು ಕ್ರಮವಾಗಿ ಆರಿಸಿ ಮತ್ತೆ ಹಚ್ಚಿದಾಗಲೂ ಹೋಗುತ್ತದೆಯೇ ಎಂದು ಒಂದು ಸುಳ್ಳು ನಮೂದು ಬರೆದು ನೋಡಿ. ಆಗಲೂ ಹೋದರೆ ಕರೆಂಟಿನ ತಪ್ಪಲ್ಲ. ಲಿನಕ್ಸ್ ಆದರೆ ತಂತ್ರಾಂಶ ತಾತ್ಕಾಲಿಕ ಕಡತಗಳ ‘/ಟಿಎಂಪಿ’ಯಲ್ಲಿ ಬರೆಯುತ್ತಿರಬಹುದು. ಅಲ್ಲಿಟ್ಟದ್ದು ಮರುದಿನವೂ ಇರುತ್ತದೆ ಎಂದು ಯಾವ ತಂತ್ರಾಂಶವೂ ನಂಬಬಾರದು ಎಂಬುದು ನಿಯಮ. ಕ್ರಮವಾಗಿ ಆರಿಸಿದಾಗ ಉಳಿದು, ದಿಢೀರ್ ಆರಿದಾಗ ಮಾತ್ರ ಹೋದರೆ ಬರೆದದ್ದು ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟು ಹೋಗುತ್ತಿದೆ. ಅದಕ್ಕೆ ಯುಪಿಎಸ್‌ನ ಬ್ಯಾಟರಿ ನೋಡಿಸಿ.

ಲಕ್ಷಣ: ಒಬ್ಬರು ಬರೆಯಬಲ್ಲರು, ಇನ್ನೊಬ್ಬರಿಗೆ ‘ಅನುಮತಿ ಇಲ್ಲ’

ಗ್ರಂಥಾಲಯದಲ್ಲಿ ಬೆಳಗ್ಗೆ ಬರುವವರ ಖಾತೆಯಲ್ಲಿ ಎಲ್ಲ ಸರಿ, ಸಂಜೆ ಬರುವವರ ಖಾತೆಯಲ್ಲಿ ಪುಸ್ತಕದ ಹೆಸರು ಕಾಣುತ್ತದೆ, ಆದರೆ ಎರವಲು ನಮೂದಿಸಲು ಆಗುವುದಿಲ್ಲ. ಓದಲು ಆಗುತ್ತದೆ, ಬರೆಯಲು ಆಗುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಗುರುತು. ‘ಪ್ರೋಗ್ರಾಂಡೇಟಾ’ ಸರಿಯಾದ ಜಾಗವೇ. ಆದರೆ ಅಲ್ಲಿ ಒಬ್ಬರು ಹುಟ್ಟಿಸಿದ ಕಡತವನ್ನು ಇತರ ಸಾಮಾನ್ಯ ಬಳಕೆದಾರರು ಓದಬಹುದೇ ಹೊರತು ತಿದ್ದಲಾಗದು. ವಿಂಡೋಸ್‌ನ ಪೂರ್ವನಿಯೋಜಿತ ಅನುಮತಿ ಹಾಗಿದೆ. ಸ್ಥಾಪನೆಯ ಹೊತ್ತಿಗೇ ತಂತ್ರಾಂಶ ತನ್ನ ಫೋಲ್ಡರಿಗೆ ಬೇಕಾದ ಅನುಮತಿಯನ್ನು ಕೊಟ್ಟುಕೊಳ್ಳಬೇಕಿತ್ತು, ಕೊಟ್ಟುಕೊಂಡಿಲ್ಲ. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಆ ಒಂದು ಫೋಲ್ಡರಿಗೆ ಮಾತ್ರ ಬಳಕೆದಾರರಿಗೆ ತಿದ್ದುವ ಅನುಮತಿ ಕೊಟ್ಟರೆ ಸಾಕು.

ಲಿನಕ್ಸ್‌ನಲ್ಲಿ ಇದೇ ದೋಷ ಇನ್ನೊಂದು ಬಗೆಯಲ್ಲಿ ಹುಟ್ಟುತ್ತದೆ. ಯಾರೋ ಒಮ್ಮೆ ಪೂರ್ಣ ಅಧಿಕಾರ ಕೊಡುವ ‘ಸುಡೊ’ ಆದೇಶ ಹಾಕಿ ತಂತ್ರಾಂಶವನ್ನು ಓಡಿಸಿರುತ್ತಾರೆ. ಅಂದು ಹುಟ್ಟಿದ ಕಡತಗಳಿಗೆ ‘ರೂಟ್’ ಎಂಬ ಪೂರ್ಣ ಅಧಿಕಾರದ ಖಾತೆ ಒಡೆಯನಾಗಿ ಉಳಿಯುತ್ತದೆ. ‘ಎಲ್‌ಎಸ್ -ಎಲ್’ ಆದೇಶ ಒಡೆಯನ ಹೆಸರನ್ನು ತೋರಿಸುತ್ತದೆ. ಕಡತದ್ದಷ್ಟೇ ಅಲ್ಲ, ಅದಿರುವ ಫೋಲ್ಡರಿನದ್ದನ್ನೂ ನೋಡಿ. ದತ್ತಾಂಶವನ್ನೆಲ್ಲ ಒಂದೇ ಕಡತದಲ್ಲಿಡುವ ಎಸ್‌ಕ್ಯುಲೈಟ್ ಅನ್ನು ಬಳಸುವ ತಂತ್ರಾಂಶಗಳು ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಸಣ್ಣ ಕಡತವನ್ನು ಹುಟ್ಟಿಸುತ್ತವೆ. ಹಾಗಾಗಿ ಕಡತಕ್ಕೆ ಅನುಮತಿ ಇದ್ದು ಫೋಲ್ಡರಿಗೆ ಇಲ್ಲದಿದ್ದರೂ ‘ಓದಲು ಮಾತ್ರ’ ಎಂಬ ದೂರು ಬರುತ್ತದೆ. ಮಕ್ಕಳ ಗುರುತು, ಜನರ ವಿಳಾಸ ಇರುವ ಕಡತಗಳಿಗೆ ‘777’ ಕೊಟ್ಟು ಎಲ್ಲರಿಗೂ ಎಲ್ಲ ಅನುಮತಿ ತೆರೆದಿಡುವುದನ್ನು ದಯವಿಟ್ಟು ಮಾಡಬೇಡಿ. ಅದು ದೋಷ ನಿವಾರಣೆಯಲ್ಲ, ಬೀಗ ಒಡೆದು ಬಾಗಿಲನ್ನು ತೆರೆದಿಟ್ಟು ಹೋಗುವುದು.

ದೂರು ‘ಅನುಮತಿ ಇಲ್ಲ’ ಎಂದಿರದೆ ‘ಕಡತ ವ್ಯವಸ್ಥೆ ಓದಲು ಮಾತ್ರ’ ಎಂದಿದ್ದರೆ ಒಡೆಯನನ್ನು ಬದಲಿಸಿ ಪ್ರಯೋಜನವಿಲ್ಲ. ಹಿನ್ನೆಲೆಯಲ್ಲಿ ಓಡುವ ತಂತ್ರಾಂಶಗಳನ್ನು (ಸೇವೆಗಳನ್ನು) ನಡೆಸುವ ಸಿಸ್ಟಮ್‌ಡಿ ಆ ಸೇವೆಗೆ ‘/ಯುಎಸ್‌ಆರ್’ ಅನ್ನು ಬೇಕೆಂದೇ ಮುಚ್ಚಿರಬಹುದು. ಆಗ ತಂತ್ರಾಂಶದ ದತ್ತಾಂಶವನ್ನು ‘/ವಾರ್/ಲಿಬ್’ಗೆ ಸಾಗಿಸುವುದೇ ದಾರಿ. ಇಲ್ಲವೇ ಡಿಸ್ಕಿನಲ್ಲಿ ತಪ್ಪು ಕಂಡು ಲಿನಕ್ಸ್ ಇಡೀ ವಿಭಾಗವನ್ನು ಬರೆಯದಂತೆ ತಡೆದಿರಬಹುದು. ಬೇರೆ ತಂತ್ರಾಂಶಗಳಿಗೂ ಬರೆಯಲು ಆಗುತ್ತಿಲ್ಲವಾದರೆ ಎರಡನೆಯ ಕಾರಣವೇ. ಅಲ್ಲಿಗೆ ನಿಲ್ಲಿಸಿ, ಪ್ರತಿ ತೆಗೆಯಿರಿ, ಡಿಸ್ಕ್ ಬಲ್ಲವರನ್ನು ಕರೆಯಿರಿ.

ಲಕ್ಷಣ: ಕಡತದ ದಾರಿಯ ನಡುವೆ ಪ್ರಶ್ನಾರ್ಥಕ ಚಿಹ್ನೆಗಳು

‘????? ಎಂಬ ಫೋಲ್ಡರ್ ಸಿಗಲಿಲ್ಲ’ ಎಂಬಂಥ ಸಂದೇಶ ಬಂದರೆ ವಿಂಡೋಸ್ ಖಾತೆಯ ಹೆಸರನ್ನು ಕನ್ನಡದಲ್ಲೋ ಮಲಯಾಳದಲ್ಲೋ ಇಟ್ಟಿದ್ದೀರಾ ನೋಡಿ. ಖಾತೆ ಹುಟ್ಟುವಾಗ ಅದೇ ಹೆಸರಿನಲ್ಲಿ ಫೋಲ್ಡರ್ ಹುಟ್ಟುತ್ತದೆ. ಹಳೆಯ ತಂತ್ರಾಂಶಗಳು ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್ ಸಂಕೇತವನ್ನು ಅರಿಯವು. ಅವು ಬಳಸುವ ಹಳೆಯ ಸಂಕೇತ ಪಟ್ಟಿಗಳಲ್ಲಿ ಕನ್ನಡಕ್ಕಾಗಲಿ ಮಲಯಾಳಕ್ಕಾಗಲಿ ವಿಂಡೋಸ್ ಜಾಗ ಕೊಟ್ಟಿರಲೇ ಇಲ್ಲ, ಹಾಗಾಗಿ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ನಮ್ಮ ಹೆಸರನ್ನು ನಮ್ಮ ಲಿಪಿಯಲ್ಲಿ ಬರೆದದ್ದು ನಮ್ಮ ತಪ್ಪಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆದರೂ ಅಂಗಡಿ ನಡೆಯಬೇಕಲ್ಲ. ತೋರುವ ಹೆಸರನ್ನು ಬದಲಿಸಿದರೆ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ಫೋಲ್ಡರನ್ನು ಕೈಯಾರೆ ಮರುಹೆಸರಿಸಿದರೆ ಖಾತೆಯೇ ಕೆಡಬಹುದು. ಇಂಗ್ಲಿಷ್ ಅಕ್ಷರಗಳ ಹೊಸ ಖಾತೆಯೊಂದನ್ನು ತೆರೆದು ಕಡತಗಳನ್ನು ಅಲ್ಲಿಗೆ ನಕಲು ಮಾಡುವುದು ಸುರಕ್ಷಿತ.

ಉಬುಂಟುವಿನಲ್ಲಿ ಇದಕ್ಕೆ ಹತ್ತಿರದ ಒಂದು ತೊಡಕಿದೆ. ಒಂದೇ ಯಂತ್ರವನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬಳಸುವ ಕಾಸರಗೋಡಿನಲ್ಲಿ ಇದು ಕಾಣಿಸದೆ ಇರುವುದಿಲ್ಲ. ಭಾಷೆ ಬದಲಿಸಿ ಲಾಗಿನ್ ಆದಾಗ ‘ಫೋಲ್ಡರುಗಳ ಹೆಸರನ್ನೂ ಬದಲಿಸಲೇ’ ಎಂದು ಅದು ಕೇಳುತ್ತದೆ. ಒಪ್ಪಿದರೆ ಹೊಸ ಭಾಷೆಯ ಹೆಸರಿನಲ್ಲಿ ಹೊಸ ಫೋಲ್ಡರ್ ಹುಟ್ಟುತ್ತದೆ, ಹಳೆಯದರಲ್ಲಿದ್ದ ಕಡತಗಳು ಹಳೆಯದರಲ್ಲೇ ಉಳಿಯುತ್ತವೆ. ಮಕ್ಕಳು ತಮ್ಮ ಚಿತ್ರಗಳೆಲ್ಲ ಹೋದವೆಂದು ಅಳುಮುಖ ಮಾಡುತ್ತಾರೆ. ಮನೆಯ ಫೋಲ್ಡರ್ ತೆರೆದು ಹಳೆಯ ಹೆಸರಿನದ್ದನ್ನು ತೋರಿಸಿ, ಮುಂದೆ ‘ಹಳೆಯ ಹೆಸರೇ ಇರಲಿ’ ಎಂದು ಆರಿಸಿ.

ಲಕ್ಷಣ: ಅಪ್‌ಡೇಟ್ ಆದ ಮೇಲೆ ನಾವು ಮಾಡಿದ ಹೊಂದಾಣಿಕೆ ಇಲ್ಲ

ರಶೀದಿಯ ತಲೆಬರಹವನ್ನು ಕನ್ನಡಕ್ಕೆ ಬದಲಿಸಿದ್ದಿರಿ, ಅಪ್‌ಡೇಟ್ ಆದ ಮೇಲೆ ಇಂಗ್ಲಿಷಿಗೆ ಮರಳಿದೆ. ನೀವು ತಿದ್ದಿದ ಕಡತ ‘/ಯುಎಸ್‌ಆರ್’ನಲ್ಲೋ ‘ಪ್ರೋಗ್ರಾಂ ಫೈಲ್ಸ್’ನಲ್ಲೋ ಇತ್ತು, ಹೊಸ ಆವೃತ್ತಿ ಅದರ ಮೇಲೆ ತನ್ನದನ್ನು ಬರೆದಿದೆ. ಡೆಬಿಯನ್ (ಲಿನಕ್ಸ್‌ನ ಇನ್ನೊಂದು ರೂಪ), ಉಬುಂಟುಗಳಲ್ಲಿ ‘/ಇಟಿಸಿ’ಯೊಳಗಿನ ಹೊಂದಾಣಿಕೆಯ ಕಡತವನ್ನು ನೀವು ತಿದ್ದಿದ್ದರೆ ಅಪ್‌ಡೇಟ್ ಹೊತ್ತಿಗೆ ಅದು ಕೇಳಿಯೇ ಮುಂದುವರಿಯುತ್ತದೆ. ಆ ಪ್ರಶ್ನೆಗೆ ಓದದೆ ಉತ್ತರಿಸಬೇಡಿ. ತಂತ್ರಾಂಶ ತೆಗೆಯುವಾಗಲೂ ‘ರಿಮೂವ್’ ಬೇರೆ, ‘ಪರ್ಜ್’ ಬೇರೆ. ಮೊದಲನೆಯದು ಹೊಂದಾಣಿಕೆಗಳನ್ನು ಉಳಿಸುತ್ತದೆ. ಎರಡನೆಯದು ಅವನ್ನೂ, ಹಲವು ಸಲ ‘/ವಾರ್/ಲಿಬ್’ನ ದತ್ತಾಂಶವನ್ನೂ ಗುಡಿಸಿಬಿಡುತ್ತದೆ.

ಲಕ್ಷಣ: ಜಾಗ ತುಂಬಿದೆ

‘ಡಿಎಫ್’ ಆದೇಶ ಯಾವ ವಿಭಾಗ ತುಂಬಿದೆ ಎನ್ನುತ್ತದೆ, ‘ಡಿಯು’ ಯಾವ ಫೋಲ್ಡರ್ ಎನ್ನುತ್ತದೆ. ‘/ವಾರ್/ಕ್ಯಾಶ್’ ಆದರೆ ತಂತ್ರಾಂಶದ ಸ್ವಂತ ಆದೇಶದಿಂದ ಖಾಲಿ ಮಾಡಿ. ‘/ವಾರ್/ಲಾಗ್’ ಆದರೆ ಅಳಿಸುವ ಮೊದಲು ಕೊನೆಯ ಕೆಲವು ಸಾಲುಗಳನ್ನು ಓದಿ. ಒಂದೇ ದೂರು ಸಾವಿರ ಸಲ ಬರೆದಿದ್ದರೆ ನಿಜವಾದ ದೋಷ ಅಲ್ಲಿದೆ. ‘/ವಾರ್/ಲಿಬ್’ ಆದರೆ ಕೈ ಹಾಕಬೇಡಿ, ಅದು ಪತ್ತಾಯ.

ಲಕ್ಷಣ: ಬ್ಯಾಕಪ್ ಇತ್ತು, ತೆರೆದರೆ ಲೆಕ್ಕವಿಲ್ಲ

ತಂತ್ರಾಂಶದ ಫೋಲ್ಡರನ್ನು ವಾರ ವಾರ ಪೆನ್‌ಡ್ರೈವ್‌ಗೆ ತಪ್ಪದೆ ನಕಲು ಮಾಡುತ್ತಿದ್ದ ಗ್ರಂಥಪಾಲಕಿಯೊಬ್ಬರು ನನಗೆ ಗೊತ್ತು. ಅವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ, ಲೆಕ್ಕ ಆ ಫೋಲ್ಡರಿನಲ್ಲಿ ಇರಲಿಲ್ಲ. ಗ್ರಂಥಾಲಯಗಳಲ್ಲಿ ಬಳಸುವ ಕೊಹಾವನ್ನು ತೆಗೆದುಕೊಳ್ಳಿ. ‘/ಯುಎಸ್‌ಆರ್’ನಲ್ಲಿರುವುದು ಬರೀ ತಂತ್ರಾಂಶ, ಪುಸ್ತಕಗಳ, ಸದಸ್ಯರ ವಿವರವೆಲ್ಲ ದತ್ತಾಂಶವನ್ನು ಕಾಯ್ದಿಡುವ ಮರಿಯಾಡಿಬಿ ಎಂಬ ಬೇರೊಂದು ತಂತ್ರಾಂಶದೊಳಗೆ, ಅಂದರೆ ‘/ವಾರ್/ಲಿಬ್/ಮೈಎಸ್‌ಕ್ಯುಎಲ್’ನಲ್ಲಿ ಇರುತ್ತದೆ. ಡೆಬಿಯನ್ ಪ್ಯಾಕೇಜಿನಿಂದ ಸ್ಥಾಪಿಸಿದ ಕೊಹಾ ದಿನವೂ ಒಂದು ಪ್ರತಿಯನ್ನು ‘/ವಾರ್/ಸ್ಪೂಲ್/ಕೊಹಾ’ದಲ್ಲಿ ತೆಗೆದಿಡುತ್ತದೆ. ಪೆನ್‌ಡ್ರೈವ್‌ಗೆ ಹೋಗಬೇಕಾದದ್ದು ಆ ಪ್ರತಿ, ಏಕೆಂದರೆ ಡಿಸ್ಕ್ ಹೋದರೆ ಅದೂ ಹೋಗುತ್ತದೆ.

ತಂತ್ರಾಂಶ ತೆರೆದಿರುವಾಗಲೇ ನಕಲು ಮಾಡಿದ ದತ್ತಾಂಶದ ಕಡತ ಅರ್ಧಂಬರ್ಧವಾಗಿರಬಹುದು. ಎಸ್‌ಕ್ಯುಲೈಟ್ ಕಡತದ ಪಕ್ಕದಲ್ಲಿ ‘-ವಾಲ್’ ಎಂದು ಕೊನೆಗೊಳ್ಳುವ ಕಡತವಿದ್ದರೆ ಇತ್ತೀಚಿನ ನಮೂದುಗಳು ಅದರಲ್ಲಿರಬಹುದು, ಬಿಟ್ಟುಹೋಗಬಾರದು. ಮುಚ್ಚಿ, ನಂತರ ನಕಲು ಮಾಡಿ. ಬ್ಯಾಕಪ್ ಸರಿಯಿದೆಯೇ ಎಂದು ತಿಳಿಯುವ ದಾರಿ ಒಂದೇ: ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು ನಿನ್ನೆಯ ನಮೂದನ್ನು ಕಣ್ಣಾರೆ ನೋಡುವುದು.

ಯಾವಾಗ ನಿಲ್ಲಿಸಬೇಕು

ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ತಕ್ಷಣ ಆರಿಸಿ. ಕಡತ ನಿಜವಾಗಿಯೂ ಅಳಿಸಿಹೋಗಿದೆ ಎಂದು ಖಾತ್ರಿಯಾದರೆ ಆ ಕಂಪ್ಯೂಟರನ್ನು ಬಳಸುವುದನ್ನೇ ನಿಲ್ಲಿಸಿ. ಮರಳಿ ಪಡೆಯುವ ಸಾಧನವನ್ನು ಅದೇ ಡಿಸ್ಕಿಗೆ ಸ್ಥಾಪಿಸಿದರೆ ಕಳೆದ ಕಡತದ ಮೇಲೆಯೇ ಅದು ಬರೆಯಬಹುದು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬಗೆಯ ಡಿಸ್ಕ್ ಆದರೆ ಕಾಯುವಷ್ಟು ಸಮಯವೂ ಇಲ್ಲ, ಅಳಿಸಿದ ಜಾಗವನ್ನು ಅದು ಬೇಗನೆ ನಿಜವಾಗಿ ಖಾಲಿ ಮಾಡಿಬಿಡುತ್ತದೆ. ತೆರಿಗೆಯ ಲೆಕ್ಕ, ಸಂಘದ ಸದಸ್ಯರ ಠೇವಣಿ ಮುಂತಾದ ಇತರರ ಹಣದ ವಿಷಯವಾದರೆ ಮೊದಲ ಪ್ರಯತ್ನದಲ್ಲೇ ಬಲ್ಲವರನ್ನು ಕರೆಯಿರಿ.

ತಂತ್ರಾಂಶ ಕಟ್ಟುವ ನಮ್ಮ ಹುಡುಗ ಹುಡುಗಿಯರಿಗೆ

ಈ ಊರುಗಳಲ್ಲೇ ಕಲಿತು ಅಂಗಡಿಗಳಿಗೆ, ಸಂಘಗಳಿಗೆ ತಂತ್ರಾಂಶ ಮಾಡಿಕೊಡುವವರು ಈಗ ಇದ್ದಾರೆ. ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಬದಲಾಗುವ ಕಡತಗಳ ಜಾಗವನ್ನು ಸ್ಥಾಪನೆಯ ಹೊತ್ತಿಗೇ ಬೇರೆ ಮಾಡಿ, ಅನುಮತಿಯನ್ನು ಅಲ್ಲೇ ಕೊಡಿ, ಲೆಕ್ಕ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ತಂತ್ರಾಂಶದ ಪರದೆಯ ಮೇಲೆ ಕನ್ನಡದಲ್ಲಿ ತೋರಿಸಿ. ಹೊರಗೆ ಕೊಡುವ ಮೊದಲು ಹೀಗೊಮ್ಮೆ ಪರೀಕ್ಷಿಸಿ: ಅಡ್ಮಿನಿಸ್ಟ್ರೇಟರ್ ಆಗಿ ಸ್ಥಾಪಿಸಿ, ಕನ್ನಡ ಹೆಸರಿನ ಸಾಮಾನ್ಯ ಖಾತೆಯಿಂದ ಹತ್ತು ನಮೂದು ಬರೆಯಿರಿ, ಇನ್ನೊಂದು ಖಾತೆಯಿಂದ ಅವನ್ನು ತಿದ್ದಿ, ಹೊಸ ಆವೃತ್ತಿ ಹಾಕಿ, ಆಮೇಲೆ ತಂತ್ರಾಂಶವನ್ನು ಪೂರ್ತಿ ಅಳಿಸಿ ಪುನಃ ಸ್ಥಾಪಿಸಿ. ಹತ್ತು ನಮೂದುಗಳೂ ಹಾಗೆಯೇ ಇದ್ದರೆ ಅದನ್ನು ಅಡಿಕೆ ಅಂಗಡಿಗೆ ಕೊಡಬಹುದು.